ಮನೆಯೊಳಗಿನ ಲಿಪಿಕಾರ

ಡಿ.ವಿ.ಡಿ. ರಿಕಾರ್ಡರೆಂಬ ಯಂತ್ರವನ್ನು ಈಗಿನ ಹುಡುಗರಲ್ಲಿ ಬಹುಮಂದಿ ಕಂಡಿರಲಾರರು. ಕಂಡವರೂ ಅದನ್ನು ಡಿ.ವಿ.ಡಿ. ಪ್ಲೇಯರೆಂದೇ ಭಾವಿಸಿರಬಹುದು. ಎರಡಕ್ಕೂ ಇರುವ ಭೇದವು ಅಲ್ಪವಲ್ಲ. ಪ್ಲೇಯರು ಬೇರೆ ಯಾರೋ ಮುದ್ರಿಸಿ ಮಾರಿದ ತಟ್ಟೆಯನ್ನು ಓದಿ ತೋರಿಸುವುದು. ರಿಕಾರ್ಡರಾದರೋ ಟೆಲಿವಿಷನ್ನಿನಲ್ಲಿ ಆ ಹೊತ್ತಿಗೆ ಬರುತ್ತಿರುವುದನ್ನು ಬರಿದಾದ ತಟ್ಟೆಯ ಮೇಲೆ ತಾನೇ ಬರೆದುಕೊಳ್ಳುವುದು. ಒಂದು ವಾಚಕ, ಇನ್ನೊಂದು ಲಿಪಿಕಾರ. ನಮ್ಮ ಹಿರಿಯರು ಗ್ರಾಮಫೋನಿನದನ್ನು ತಟ್ಟೆಯೆಂದು ಕರೆಯುತ್ತಿದ್ದುದರಿಂದ ನಾನೂ ಇದನ್ನು ತಟ್ಟೆಯೆಂದೇ ಕರೆಯುತ್ತೇನೆ. ಡಿಸ್ಕೆನ್ನುವವರ ಮೇಲೆ ನನ್ನ ಆಕ್ಷೇಪವೇನೂ ಇಲ್ಲ.

ಇಂಥ ಯಂತ್ರವು ಮೊದಲು ಮಾರಾಟಕ್ಕೆ ಬಂದದ್ದು ಜಪಾನಿನಲ್ಲಿ, 1999ರಲ್ಲಿ. ನಮ್ಮ ಮನೆಗೆ ಬಂದದ್ದು 2006ರಲ್ಲಿ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ನನ್ನ ತಮ್ಮನ ಮಗನು ಅದನ್ನು ತಂದು, ತಂತಿಗಳನ್ನು ಜೋಡಿಸಿ, ಗಡಿಯಾರವನ್ನು ಸರಿಪಡಿಸಿ, "ದೊಡ್ಡಪ್ಪ, ಇನ್ನು ಮೇಲೆ ನೀವು ಟಿ.ವಿ.ಗಾಗಿ ಕಾಯಬೇಕಾಗಿಲ್ಲ, ಟಿ.ವಿ.ಯೇ ನಿಮಗಾಗಿ ಕಾಯುತ್ತೆ" ಎಂದು ಹೇಳಿ ಹೋದನು. ಆ ಮಾತು ನನಗೆ ಅತಿಶಯೋಕ್ತಿಯಾಗಿ ಕಂಡಿತು. ಅದು ಸ್ವಭಾವೋಕ್ತಿಯೆಂಬುದನ್ನು ನಮ್ಮ ಮನೆಯಾಕೆ ವಾರದೊಳಗೆ ಕಂಡುಕೊಂಡಳು.

ಇದಕ್ಕೆ ಕಾರಣವುಂಟು. ಟೆಲಿವಿಷನ್ನಿನವರು ತಮ್ಮ ಒಳ್ಳೆಯ ಕಾರ್ಯಕ್ರಮಗಳನ್ನೆಲ್ಲ ಸಂಜೆ ಏಳರಿಂದ ಹತ್ತರವರೆಗೆ ಇಡುವರು. ಗೃಹಸ್ಥನು ಮನೆಗೆ ಬಂದು ಕಾಲುಚಾಚಿ ಕುಳಿತಿರುವ ಹೊತ್ತು ಅದೆಂದು ಅವರ ಲೆಕ್ಕ. ಆದರೆ ಗೃಹಸ್ಥನು ಕಾಲುಚಾಚಿ ಕುಳಿತ ಹೊತ್ತೇ ಗೃಹಿಣಿಯು ನಿಂತಿರಬೇಕಾದ ಹೊತ್ತು. ಆಗ ನನ್ನ ತಾಯಿಯವರು ಇನ್ನೂ ಇದ್ದರು, ಅವರಿಗೆ ಸಂಜೆಯ ಗಂಜಿ, ಔಷಧ, ಹಾಸಿಗೆ, ಮಕ್ಕಳಿಗೆ ಊಟ, ನಾಳೆಯ ಅಕ್ಕಿಯನ್ನು ನೆನೆಹಾಕುವುದು. ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರರು ನಡೆಸುವ ‘ಥಟ್ ಅಂತ ಹೇಳಿ’ ಎಂಬ ರಸಪ್ರಶ್ನೆಯ ಕಾರ್ಯಕ್ರಮವು 2002ರ ಜನವರಿಯಿಂದ ಬರುತ್ತಿದ್ದಿತು. ಗೆದ್ದವರಿಗೆ ಕನ್ನಡ ಪುಸ್ತಕಗಳನ್ನು ಕೊಡುವ ಆ ಕಾರ್ಯಕ್ರಮದಲ್ಲಿ ಆಕೆಗೆ ಬಹಳ ಆಸಕ್ತಿ. ಆದರೆ ಪ್ರಶ್ನೆಯು ಕಿವಿಗೆ ಬೀಳುವುದು, ಉತ್ತರವು ಬರುವಷ್ಟರಲ್ಲಿ ಒಲೆಯ ಮೇಲಿನ ಹಾಲು ಕರೆಯುವುದು. ನಾಲ್ಕು ವರ್ಷ ಆಕೆ ಪ್ರಶ್ನೆಗಳನ್ನು ಮಾತ್ರ ಕೇಳಿದವಳು.

ಅದಕ್ಕೂ ಹಿಂದಿನ ಕಥೆಯೊಂದಿದೆ. 1987ರ ಜನವರಿಯಿಂದ 1988ರ ಜುಲೈಯವರೆಗೆ ಭಾನುವಾರದ ಬೆಳಿಗ್ಗೆ ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’ವು ಬಂದುದನ್ನು ವಾಚಕರಲ್ಲಿ ಹಿರಿಯರು ಮರೆತಿರಲಾರರು. ನಮ್ಮ ಬೀದಿಗೆ ನಮ್ಮದೊಂದೇ ಪೆಟ್ಟಿಗೆ. ನಡುಮನೆಯಲ್ಲಿ ಮೂವತ್ತು ಜನ, ಕಿಟಕಿಯಲ್ಲಿ ಹತ್ತು ಜನ. ಬಂದವರಿಗೆ ಕಾಫಿ ಕೊಡದೆ ಕಳುಹಿಸುವುದುಂಟೆ? ಸಮುದ್ರಕ್ಕೆ ಸೇತುವೆಯನ್ನು ಕಟ್ಟುವ ಭಾನುವಾರ ಆಕೆ ಅಡಿಗೆಮನೆಯಲ್ಲಿ ಡಿಕಾಕ್ಷನ್ನು ಇಳಿಸುತ್ತಿದ್ದಳಂತೆ. "ಕಪಿಗಳು ಕಲ್ಲು ಹೊತ್ತವು, ನಾನು ಲೋಟ ಹೊತ್ತೆ" ಎಂದು ಈಗಲೂ ಹೇಳುತ್ತಾಳೆ. ಅಂದು ತಪ್ಪಿದುದು ತಪ್ಪಿದಂತೆಯೇ. ವಿ.ಸಿ.ಆರ್. ಎಂಬ ಟೇಪಿನ ಯಂತ್ರವು ಆಗಲೇ ಲೋಕದಲ್ಲಿದ್ದರೂ ಮೇಷ್ಟರ ಸಂಬಳಕ್ಕೆ ಅದು ಎಟುಕುವ ವಸ್ತುವಾಗಿರಲಿಲ್ಲ.

ಈಗ ಯಂತ್ರದ ಕೆಲಸವನ್ನು ಸ್ವಲ್ಪ ಹೇಳಬೇಕು. ತಟ್ಟೆಯ ಅಡ್ಡಳತೆಯು 12 ಸೆಂಟಿಮೀಟರು. ಅದರ ಮೇಲೆ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಒಂದೇ ಒಂದು ಗೆರೆ. ಒಂದು ಮಿಲಿಮೀಟರಿನಷ್ಟು ಅಗಲದಲ್ಲಿ ಆ ಗೆರೆಯ ಸುಮಾರು 1,350 ಸುತ್ತುಗಳು ಅಡಗಿರುವುವು. ಎಲ್ಲವನ್ನೂ ಬಿಡಿಸಿ ನೆಟ್ಟಗೆ ಹಾಸಿದರೆ ಹನ್ನೆರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ತಟ್ಟೆಯ ಪದರಗಳ ನಡುವೆ ಒಂದು ಬಣ್ಣದ ಲೇಪವಿರುವುದು. ಲೇಸರೆಂಬ ಕೆಂಪು ಬೆಳಕಿನ ಸೂಜಿಯು ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತುಮಾಡುತ್ತ ಹೋಗುವುದು. ಪಾಠಶಾಲೆಯಲ್ಲಿದ್ದಾಗ ನಾನು ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ಧೂಳು ಒರೆಸಿ ಕಟ್ಟುವ ಸೇವೆಯನ್ನು ಮಾಡಿದವನು. ಕಬ್ಬಿಣದ ಕಂಟದಿಂದ ಗರಿಯನ್ನು ಕೊರೆದು, ಕೊರೆದಲ್ಲಿಗೆ ಮಸಿಯನ್ನು ಸವರಿ, ಅಕ್ಷರವನ್ನು ಎದ್ದು ಕಾಣುವಂತೆ ಮಾಡುತ್ತಿದ್ದರು. ಅಲ್ಲಿ ಕೊರೆದ ಮೇಲೆ ಬಣ್ಣ, ಇಲ್ಲಿ ಬಣ್ಣವನ್ನೇ ಕೊರೆಯುವುದು; ಉಳಿದಂತೆ ಎರಡೂ ಒಂದೇ ಜಾತಿಯ ವಿದ್ಯೆಯೆಂದು ನನಗೆ ತೋರುತ್ತದೆ.

ಒಂದು ತಟ್ಟೆಯಲ್ಲಿ ಎಷ್ಟು ಹೊತ್ತಿನ ಕಾರ್ಯಕ್ರಮ ಹಿಡಿಯುವುದೆಂದು ಕೇಳಿದರೆ ಉತ್ತರವು ನಮ್ಮ ಕೈಯಲ್ಲೇ ಇದೆ. ಅತ್ಯುತ್ತಮವಾಗಿ ಬರೆ ಎಂದರೆ ಒಂದು ಗಂಟೆ; ಚೆನ್ನಾಗಿ ಬರೆ ಎಂದರೆ ಎರಡು ಗಂಟೆ; ಸಾಧಾರಣವಾಗಿ ಸಾಕೆಂದರೆ ನಾಲ್ಕು; ಹೇಗಾದರೂ ತುರುಕೆಂದರೆ ಆರು. ಆರು ಗಂಟೆಯ ಬರಹದಲ್ಲಿ ನರ್ತಕಿಯ ಕೈ ಬೇಗ ಆಡಿದಾಗ ಬೆರಳುಗಳು ಚೌಕಚೌಕವಾಗಿ ಒಡೆದುಹೋಗುವುವು. ಸಂಗೀತಕ್ಕೂ ನೃತ್ಯಕ್ಕೂ ಎರಡು ಗಂಟೆಯ ಕ್ರಮವೇ ಯೋಗ್ಯವೆಂಬುದು ನನ್ನ ನಿರ್ಣಯ. ಭಾಷಣಕ್ಕೆ ನಾಲ್ಕು ಸಾಕು. ನಮ್ಮ ಸಭೆಗಳ ಭಾಷಣಗಳಲ್ಲಿ ಕೆಲವಕ್ಕೆ ಆರೂ ಹೆಚ್ಚಲ್ಲ.

ಹೊತ್ತು ಗೊತ್ತುಮಾಡಿಡುವುದು ಒಂದು ಶಾಸ್ತ್ರವೇ. ಒಂಬತ್ತೂವರೆಗೆಂದು ಪತ್ರಿಕೆಯಲ್ಲಿ ಅಚ್ಚಾದುದು ಒಂಬತ್ತು ಇಪ್ಪತ್ತೆಂಟಕ್ಕೆ ಪ್ರಾರಂಭವಾಗುವುದುಂಟು. ಒಂಬತ್ತು ನಲವತ್ತಕ್ಕೂ ಆಗದಿರುವುದುಂಟು. ಆದುದರಿಂದ ಎರಡು ನಿಮಿಷ ಮುಂಚೆ ಶುರುಮಾಡಿ ಹತ್ತು ನಿಮಿಷ ತಡವಾಗಿ ನಿಲ್ಲಿಸುವಂತೆ ಇಡಬೇಕು. ಯಂತ್ರಕ್ಕೆ ತನ್ನ ಗಡಿಯಾರವೊಂದೇ ಗೊತ್ತು. ಕಾರ್ಯಕ್ರಮ ಬಂದಿತೋ ಇಲ್ಲವೋ ಅದಕ್ಕೆ ತಿಳಿಯದು. ಒಮ್ಮೆ ಕಛೇರಿಯೊಂದನ್ನು ಬರೆಯಲು ಇಟ್ಟಿದ್ದೆವು. ಅಂದು ಕ್ರಿಕೆಟ್ ಪಂದ್ಯವು ಬೆಳೆದು ಕಛೇರಿ ರದ್ದಾಯಿತು. ಯಂತ್ರವು ಎರಡು ಗಂಟೆ ಕಾಲ ಭಕ್ತಿಯಿಂದ ಕ್ರಿಕೆಟ್ಟನ್ನು ಬರೆದುಕೊಂಡಿತು. ‘ಮಕ್ಷಿಕಾಸ್ಥಾನೇ ಮಕ್ಷಿಕಾ’ ಎಂದು ಲಿಪಿಕಾರರನ್ನು ಹಾಸ್ಯಮಾಡುವರಷ್ಟೆ.

ಮಲೆನಾಡಿನ ಸೆರಗಿನಲ್ಲಿರುವ ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಶತ್ರುವೆಂದರೆ ಮಳೆಗಾಲದ ವಿದ್ಯುತ್ತು. ಆಷಾಢದಲ್ಲಿ ದೀಪವು ದಿನಕ್ಕೆ ಹತ್ತು ಸಲ ಹೋಗಿ ಬರುವುದು. ಬರೆಯುತ್ತಿರುವಾಗ ಹೋದರೆ ಅರ್ಧ ಬರೆದುದೂ ಎಷ್ಟೋ ಸಲ ಕೈಗೆ ದಕ್ಕದು. ಬರೆಯದಿರುವಾಗ ಹೋದರೆ ಗಡಿಯಾರದ ಅಂಕೆಗಳು ಮಾಯವಾಗಿ ಬರಿಯ ಗೀಟುಗಳು ಮಿಣುಕುವುವು. ಗೊತ್ತುಮಾಡಿಟ್ಟ ಹೊತ್ತುಗಳೆಲ್ಲ ಅದರೊಂದಿಗೆ ಮಾಯ. ಕೊನೆಗೆ ಗಣಕಯಂತ್ರಕ್ಕೆ ಇಡುವಂಥ ಬ್ಯಾಟರಿಯ ಪೆಟ್ಟಿಗೆಯೊಂದನ್ನು ತಂದು ಯಂತ್ರದ ಕೆಳಗೆ ಇಟ್ಟೆವು. ಮನೆಯೆಲ್ಲ ಕತ್ತಲೆಯಾಗಿ ಟೆಲಿವಿಷನ್ನು ಸತ್ತಿರುವಾಗ ಈ ಯಂತ್ರವೊಂದು ಮಾತ್ರ ಮೂಲೆಯಲ್ಲಿ ಕೆಂಪು ಚುಕ್ಕೆಯಿಟ್ಟುಕೊಂಡು ಯಾರಿಗೂ ಕಾಣದ ನಾಟಕವನ್ನು ಬರೆದುಕೊಳ್ಳುತ್ತಿದ್ದುದು ನೋಡತಕ್ಕ ವಿಷಯವಾಗಿದ್ದಿತು.

ತಟ್ಟೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಒಮ್ಮೆ ಬರೆದರೆ ಬರೆದಂತೆಯೇ, ಅಳಿಸಲಾಗದು. ಬರೆದು ಮುಗಿಸಿದ ಮೇಲೆ ಅದಕ್ಕೆ ಫೈನಲೈಸೆಂಬ ಸಂಸ್ಕಾರವನ್ನು ಮಾಡಬೇಕು. ಯಂತ್ರವು ಕೆಲವು ನಿಮಿಷ ಗುನುಗುನಿಸಿ, ಒಳಗೇನಿದೆಯೆಂಬ ಅನುಕ್ರಮಣಿಕೆಯನ್ನು ಸೇರಿಸಿ ಮುಚ್ಚಿಬಿಡುವುದು. ಆಮೇಲೆ ಅದಕ್ಕೆ ಒಂದಕ್ಷರವನ್ನೂ ಕೂಡಿಸಲಾಗದು. ಆದರೆ ಯಾರ ಮನೆಯ ಪ್ಲೇಯರಿನಲ್ಲಿ ಹಾಕಿದರೂ ಅದು ಓದಿಕೊಳ್ಳುವುದು. ಓಲೆಯ ಲಿಪಿಕಾರರು ಕಡೆಯ ಗರಿಯಲ್ಲಿ ಸಂವತ್ಸರ ತಿಥಿಗಳನ್ನು ಕಾಣಿಸಿ, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬಲ್ಲವರನ್ನು ಬೇಡಿ, ಮಂಗಳವನ್ನು ಬರೆದು ದಾರ ಕಟ್ಟುತ್ತಿದ್ದಂತೆ. ಇನ್ನೊಂದು ಬಗೆಯ ತಟ್ಟೆಯನ್ನು ಸಾವಿರ ಸಲ ಅಳಿಸಿ ಸಾವಿರ ಸಲ ಬರೆಯಬಹುದೆಂದು ಮಾಡಿದವರ ಹೇಳಿಕೆ. ಇದರೊಳಗೆ ಬಣ್ಣದ ಬದಲು ಒಂದು ಲೋಹಮಿಶ್ರವಿದ್ದು, ಕಾಯಿಸಿದ ಬಗೆಯಂತೆ ಅದು ತನ್ನ ಸ್ಥಿತಿಯನ್ನು ಬದಲಾಯಿಸುವುದು. ಮೊದಲನೆಯದು ಓಲೆಗರಿ, ಎರಡನೆಯದು ಶಾಲೆಯ ಸ್ಲೇಟು.

ನಮ್ಮಿಬ್ಬರ ಮತಭೇದವು ಹುಟ್ಟಿದುದು ಇಲ್ಲಿಯೇ.

ಆಕೆ ನಾಲ್ಕೇ ನಾಲ್ಕು ಸ್ಲೇಟು ತಟ್ಟೆಗಳನ್ನು ಇಟ್ಟುಕೊಂಡಳು. ರಾತ್ರಿಯ ಕಾರ್ಯಕ್ರಮವು ಅದರ ಮೇಲೆ ಬೀಳುವುದು. ಮರುದಿನ ಹನ್ನೊಂದು ಗಂಟೆಗೆ, ನಾನು ಶಾಲೆಯಲ್ಲಿರುವಾಗ, ಅತ್ತೆಯವರು ಒಂದು ನಿದ್ದೆ ತೆಗೆಯುವಾಗ, ಬಾಗಿಲನ್ನು ಮುಂದೆಮಾಡಿಕೊಂಡು ಮೊದಲಿನಿಂದ ಕೊನೆಯವರೆಗೆ ನೋಡುವಳು. ಬಾಗಿಲು ತಟ್ಟಿದರೆ ನಿಲ್ಲಿಸುವಳು. ಬಂದವರು ಹೋದ ಮೇಲೆ ನಿಲ್ಲಿಸಿದಲ್ಲಿಂದ ಮುಂದುವರಿಸುವಳು. ಜಾಹೀರಾತು ಬಂದರೆ ಹಾರಿಸುವಳು. ಪ್ರಶ್ನೆಗೆ ತಾನು ಉತ್ತರ ಹೇಳುವವರೆಗೆ ನಿರ್ವಾಹಕರನ್ನೇ ಬಾಯಿ ತೆರೆದಂತೆ ನಿಲ್ಲಿಸಿಬಿಡುವಳಂತೆ! ನೋಡಿ ಆದ ಮೇಲೆ ಅಳಿಸಿಬಿಡುವಳು. "ಉಂಡ ಎಲೆಯನ್ನು ಯಾರು ಎತ್ತಿಡುತ್ತಾರೆ?" ಎಂಬುದು ಆಕೆಯ ವಾದ.

ನಾನು ಓಲೆಗರಿಯ ಪಕ್ಷ. ವಿದ್ವಾಂಸರ ಉಪನ್ಯಾಸ, ಗಮಕ, ತಾಳಮದ್ದಲೆ, ಹಳೆಯ ನಾಟಕ, ಯಾವುದಾದರೊಂದು ಊರಿನ ಗುಡಿಯ ವಿಚಾರ, ಹೀಗೆ ಕಂಡುದನ್ನೆಲ್ಲ ಅಳಿಸಲಾಗದ ತಟ್ಟೆಯ ಮೇಲೆ ಬರೆಯಿಸಿ, ಮಂಗಳಮಾಡಿಸಿ, ಹೆಸರು ಬರೆದು, ಡಬ್ಬಿಗಳಲ್ಲಿ ಇಟ್ಟೆನು. ಹತ್ತು ವರ್ಷಗಳಲ್ಲಿ ಇನ್ನೂರ ಹದಿನಾಲ್ಕು ತಟ್ಟೆಗಳಾದುವು. ಅವುಗಳಿಗೆ ವಿಷಯಾನುಸಾರವಾಗಿ ಒಂದು ಪಟ್ಟಿಯನ್ನೂ ಮಾಡಿದೆನು. "ನಿಮ್ಮ ಭಂಡಾರಕ್ಕೆ ಪೂಜೆ ಉಂಟು, ಪ್ರಸಾದ ಇಲ್ಲ" ಎಂದು ಆಕೆಯ ಟೀಕೆ. ಇಟ್ಟುದನ್ನೆಲ್ಲ ನೋಡಿಯೇ ತೀರಬೇಕೆಂಬ ನಿಯಮವಿದ್ದರೆ ಲೋಕದಲ್ಲಿ ಒಂದು ಪುಸ್ತಕಾಲಯವೂ ಉಳಿಯುವುದಿಲ್ಲವೆಂದು ನನ್ನ ಉತ್ತರ. ಈ ವಾದವು ಇನ್ನೂ ಇತ್ಯರ್ಥವಾಗಿಲ್ಲ.

ವಿಚಿತ್ರವೇನೆಂದರೆ, ಇದೇ ವಾದವು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದ್ದಿತು. ಸೋನಿಯವರು 1975ರಲ್ಲಿ ಬೀಟಾಮ್ಯಾಕ್ಸೆಂಬ ಟೇಪಿನ ಯಂತ್ರವನ್ನು ತಂದರು. ಮರುವರ್ಷವೇ ಯೂನಿವರ್ಸಲ್ ಮತ್ತು ಡಿಸ್ನಿ ಎಂಬ ಚಿತ್ರಸಂಸ್ಥೆಗಳು, ನಮ್ಮ ಚಿತ್ರಗಳನ್ನು ಜನರು ಮನೆಯಲ್ಲಿ ನಕಲುಮಾಡಿಕೊಳ್ಳುವುದಕ್ಕೆ ಈ ಯಂತ್ರವನ್ನು ಮಾರಿದವರೇ ಹೊಣೆಯೆಂದು ದಾವೆ ಹೂಡಿದುವು. ತೀರ್ಪು ಬಂದುದು 1984ರ ಜನವರಿ 17ರಂದು. ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಪ್ರಸಾರದ ಹೊತ್ತಿನಲ್ಲಿ ನೋಡಲಾಗದವನು ಬರೆದಿಟ್ಟುಕೊಂಡು ತನಗೆ ಅನುಕೂಲವಾದ ಹೊತ್ತಿನಲ್ಲಿ ಒಮ್ಮೆ ನೋಡುವುದು ನ್ಯಾಯವಾದ ಬಳಕೆಯೇ ಸರಿ ಎಂದು ಬಹುಮತದವರು ಹೇಳಿದರು. ಅಲ್ಲಿ ಮಕ್ಕಳ ಕಾರ್ಯಕ್ರಮವೊಂದನ್ನು ನಡೆಸುತ್ತಿದ್ದ ಫ್ರೆಡ್ ರೋಜರ್ಸರು, ತಮ್ಮ ಕಾರ್ಯಕ್ರಮವನ್ನು ಕುಟುಂಬಗಳು ಹೀಗೆ ಬರೆದಿಟ್ಟುಕೊಂಡು ನೋಡುವುದಕ್ಕೆ ತಮ್ಮ ಅಭ್ಯಂತರವಿಲ್ಲವೆಂದು ಸಾಕ್ಷ್ಯ ಹೇಳಿದ್ದುದನ್ನೂ ತೀರ್ಪಿನಲ್ಲಿ ಎತ್ತಿಕೊಂಡಿದ್ದಾರೆ. ಆದರೆ ಆ ತೀರ್ಪು ನಿಂತಿರುವುದು ಹೊತ್ತನ್ನು ಬದಲಾಯಿಸಿಕೊಳ್ಳುವುದರ ಮೇಲೆ. ಭಂಡಾರವನ್ನು ಕಟ್ಟುವುದರ ಮೇಲೆ ಅಲ್ಲ. ಇದನ್ನು ನಾನು ಮನೆಯಲ್ಲಿ ಓದಿ ಹೇಳಿದಾಗ ಗೆಲವಿನ ನಗೆ ಯಾರದಾಗಿದ್ದಿತೆಂಬುದನ್ನು ವಾಚಕರು ಊಹಿಸಬಹುದು. ನನಗೆ ಆಶ್ರಯ ದೊರೆತುದು ನಮ್ಮ ದೇಶದ 1957ರ ಕೃತಿಸ್ವಾಮ್ಯದ ಕಾಯಿದೆಯಲ್ಲಿ. ಸ್ವಂತ ಉಪಯೋಗಕ್ಕಾಗಿ ಅಥವಾ ಪ್ರಾಮಾಣಿಕವಾದ ಬೋಧನೆ ಸಂಶೋಧನೆಗಳಿಗಾಗಿಯೇ ಮಾಡಿಕೊಂಡ ಶ್ರವ್ಯ ದೃಶ್ಯ ಮುದ್ರಣದಿಂದ ಪ್ರಸಾರಕರ ಹಕ್ಕಿಗಾಗಲಿ ಕಲಾವಿದರ ಹಕ್ಕಿಗಾಗಲಿ ಭಂಗವಿಲ್ಲವೆಂದು ಅದರ 39ನೆಯ ಪ್ರಕರಣವು ಹೇಳುತ್ತದೆ. ಒಮ್ಮೆ ನೋಡಿ ಅಳಿಸಬೇಕೆಂಬ ಮಾತು ಅಲ್ಲಿಲ್ಲ. ನಕಲುಮಾಡಿ ಮಾರುವವರ ವಿಷಯ ಬೇರೆ. ಅವರಿಗೆ ಕಾಯಿದೆಯೂ ಇಲ್ಲ, ಧರ್ಮವೂ ಇಲ್ಲ.

ಆದರೂ ಇಡತಕ್ಕುದು ಯಾವುದು, ಬಿಡತಕ್ಕುದು ಯಾವುದು ಎಂಬ ಪ್ರಶ್ನೆಯು ಕಾಯಿದೆಯಿಂದ ತೀರುವುದಲ್ಲ. ನನ್ನ ಅನುಭವದಲ್ಲಿ ಜಗತ್ತೇ ನೋಡಿದುದನ್ನು ನಾವು ಇಡಬೇಕಾಗಿಲ್ಲ. ಕೊರೋನಾ ಕಾಲದಲ್ಲಿ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿಕೊಂಡಾಗ, 2020ರ ಮಾರ್ಚಿ 28ರಿಂದ ದೂರದರ್ಶನವು ಅದೇ ‘ರಾಮಾಯಣ’ವನ್ನು ಮತ್ತೆ ಪ್ರಸಾರಮಾಡಿತು. ಮೂವತ್ತೆರಡು ವರ್ಷಗಳ ಮೇಲೆ ನಮ್ಮ ಮನೆಯಾಕೆ ಸೇತುಬಂಧವನ್ನು ಕಂಡಳು. ಅದೂ ಸ್ಲೇಟು ತಟ್ಟೆಯ ಮೇಲೆ, ಹನ್ನೊಂದು ಗಂಟೆಗೆ, ಕೈಯಲ್ಲಿ ತನ್ನ ಲೋಟದೊಂದಿಗೆ. ಶಂಕರನಾಗರು ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಕೂಡ ಈಗ ಬೇಕಾದವರಿಗೆ ಬೇಕಾದಾಗ ಸಿಕ್ಕುವುದು. ದೊಡ್ಡವು ಹೇಗಾದರೂ ಹಿಂತಿರುಗಿ ಬರುವುವು. ಬಾರದಿರುವುದು ಸಣ್ಣವು: ವಾರದ ನಡುವೆ ಮಧ್ಯಾಹ್ನ ಮೂರು ಗಂಟೆಗೆ, ಯಾರೂ ನೋಡದ ಹೊತ್ತಿನಲ್ಲಿ, ಅರ್ಧ ಗಂಟೆ ತುಂಬುವುದಕ್ಕೆಂದು ಹಾಕಿದ, ಯಾವುದೋ ತಾಲ್ಲೂಕಿನ ವೃದ್ಧರೊಬ್ಬರ ಹಾಡು.

ಪ್ರಸಾರಮಾಡಿದವರೇ ಇಟ್ಟಿರುವರೆಂದು ನಂಬುವಂತಿಲ್ಲ. ಬ್ರಿಟನ್ನಿನ ಬಿ.ಬಿ.ಸಿ.ಯಂಥ ಸಂಸ್ಥೆಯೇ, ಟೇಪಿಗೆ ಬೆಲೆ ಹೆಚ್ಚಾಗಿದ್ದ ಕಾಲದಲ್ಲಿ, ತನ್ನ ಅನೇಕ ಕಾರ್ಯಕ್ರಮಗಳನ್ನು ಅಳಿಸಿ ಆ ಟೇಪನ್ನೇ ಮತ್ತೆ ಬಳಸಿತು. 1960ರ ದಶಕದ ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯ ಎಷ್ಟೋ ಕಂತುಗಳ ಚಿತ್ರವು ಹೀಗೆ ನಷ್ಟವಾಯಿತು. ಧ್ವನಿಯಾದರೂ ಉಳಿದಿರುವುದು ಆಗಿನ ಹುಡುಗರು ಮನೆಯ ಟೇಪು ಯಂತ್ರವನ್ನು ಟೆಲಿವಿಷನ್ನಿನ ಮುಂದೆ ಹಿಡಿದುದರಿಂದ. ಅಮೆರಿಕದ ಫಿಲಡೆಲ್ಫಿಯದಲ್ಲಿ ಮೇರಿಯನ್ ಸ್ಟೋಕ್ಸೆಂಬ ಮಹಿಳೆ 1979ರಿಂದ 2012ರಲ್ಲಿ ತೀರಿಕೊಳ್ಳುವವರೆಗೆ ಹಗಲಿರುಳು ವಾರ್ತೆಗಳನ್ನು ಟೇಪಿನ ಮೇಲೆ ಇಳಿಸಿದಳು. ಟೇಪುಗಳ ಸಂಖ್ಯೆ ಸುಮಾರು 70,000. ಮೊದಲು ಆಕೆ ಪುಸ್ತಕಾಲಯದಲ್ಲಿ ಕೆಲಸಮಾಡಿದವಳೆಂದು ಓದಿ ನನಗೆ ಆಶ್ಚರ್ಯವಾಗಲಿಲ್ಲ. ಆ ಸಂಗ್ರಹವು ಈಗ ಇಂಟರ್ನೆಟ್ ಆರ್ಕೈವೆಂಬ ಸಂಸ್ಥೆಯನ್ನು ಸೇರಿದೆ. ನನ್ನ ಇನ್ನೂರ ಹದಿನಾಲ್ಕನ್ನು ನಾನು ಎಪ್ಪತ್ತು ಸಾವಿರದ ಪಕ್ಕದಲ್ಲಿ ಇಡುತ್ತಿಲ್ಲ. ಮನೆಯಾಕೆಗೆ ಆ ಸಂಖ್ಯೆಯನ್ನು ಹೇಳಿ, ಯಾವ ಯಾವ ಗಂಡಾಂತರದಿಂದ ಆಕೆ ಪಾರಾಗಿರುವಳೆಂದು ತಿಳಿಸಿದೆನು, ಅಷ್ಟೆ.

ಯಂತ್ರದ ಒಳ್ಳೆಯ ದಿನಗಳು ಹೆಚ್ಚು ಕಾಲ ನಿಲ್ಲಲಿಲ್ಲ. ಮೊದಲು ಕೇಬಲ್ಲಿನ ತಂತಿಯು ನೇರವಾಗಿ ರಿಕಾರ್ಡರಿಗೇ ಬರುತ್ತಿದ್ದಿತು. ಅದರೊಳಗೇ ವಾಹಿನಿಗಳನ್ನು ಹಿಡಿಯುವ ಸಾಧನವಿದ್ದುದರಿಂದ, ಟೆಲಿವಿಷನ್ನಿನಲ್ಲಿ ಒಂದನ್ನು ನೋಡುತ್ತ ರಿಕಾರ್ಡರಿನಲ್ಲಿ ಇನ್ನೊಂದನ್ನು ಬರೆಸಬಹುದಾಗಿದ್ದಿತು. 2012ರಲ್ಲಿ ದೊಡ್ಡ ನಗರಗಳಿಂದ ಪ್ರಾರಂಭವಾಗಿ ದೇಶದಲ್ಲೆಲ್ಲ ಕೇಬಲ್ಲು ಡಿಜಿಟಲ್ ಆಯಿತು; ಕೆಲವು ವರ್ಷಗಳಲ್ಲಿ ಸೆಟ್‌ಟಾಪ್ ಬಾಕ್ಸೆಂಬ ಪೆಟ್ಟಿಗೆಯು ನಮ್ಮೂರಿಗೂ ಬಂದಿತು. ಅಲ್ಲಿಗೆ ರಿಕಾರ್ಡರು ಕಣ್ಣು ಕಳೆದುಕೊಂಡಂತಾಯಿತು. ಪೆಟ್ಟಿಗೆಯು ಯಾವ ವಾಹಿನಿಯನ್ನು ತೋರಿಸುತ್ತಿರುವುದೋ ಅದನ್ನೇ ಹಳದಿ, ಬಿಳಿ, ಕೆಂಪು ಬಣ್ಣದ ಮೂರು ತಂತಿಗಳಿಂದ ಕೇಳಿ ಬರೆದುಕೊಳ್ಳಬೇಕು. ರಾತ್ರಿಯ ಗಮಕವನ್ನು ಬರೆಯಬೇಕೆಂದರೆ ಪೆಟ್ಟಿಗೆಯನ್ನು ಅದೇ ವಾಹಿನಿಯಲ್ಲಿ ಬಿಟ್ಟಿರಬೇಕು. ಯಾರೂ ರಿಮೋಟು ಮುಟ್ಟಕೂಡದು. ಮನೆಯಲ್ಲಿ ಐದು ಜನರಿದ್ದು ಒಂದು ರಿಮೋಟಿರುವಾಗ ಇದು ಅಶ್ವಮೇಧದ ಕುದುರೆಯನ್ನು ಕಾದಂತೆ. ನನ್ನ ಸಂಗ್ರಹವು ಆಮೇಲೆ ಹೆಚ್ಚು ಬೆಳೆಯಲಿಲ್ಲ.

ಬೆಳೆಯದಿದ್ದರೆ ಹೋಗಲಿ, ಇದ್ದುದು ಸವೆಯತೊಡಗಿತು. ಓಲೆಗರಿಗೆ ಗೆದ್ದಲು, ತಟ್ಟೆಗೆ ಬೂಷ್ಟು. ನಮ್ಮ ಕಡೆಯ ಮಳೆಗಾಲದಲ್ಲಿ ಕಪಾಟಿನೊಳಗಿನ ಜರತಾರಿ ಸೀರೆಯೇ ಮುಗ್ಗುವಾಗ ಪ್ಲಾಸ್ಟಿಕ್ಕಿನ ತಟ್ಟೆಗೆ ರಕ್ಷೆಯೆಲ್ಲಿ? ಮೇಲಿನ ಬೂಷ್ಟನ್ನಾದರೂ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ ತೆಗೆಯಬಹುದು. ಸುತ್ತಲೂ ಉಜ್ಜಿದರೆ ಗೀರು ಬಿದ್ದು ಒಂದು ಗೆರೆಯ ಬರಹವೇ ಹೋದೀತು. ಒಳಗಿನ ಬಣ್ಣವು ಬಿಸಿಲಿಗೂ ಸೆಖೆಗೂ ಮಾಸಿದರೆ ಅದಕ್ಕೆ ಚಿಕಿತ್ಸೆಯಿಲ್ಲ. ಯಂತ್ರದ ಲೇಸರಿನ ಕಣ್ಣೂ ಮಂದವಾಗಿದೆ. ಬದಲಾಯಿಸುವ ಭಾಗವು ಸಿಕ್ಕುವುದಿಲ್ಲವೆಂದು ರಿಪೇರಿಯವನು ಕೈ ಆಡಿಸಿದನು. ನಮ್ಮ ಎದುರುಮನೆಯ ಕಾಲೇಜು ಹುಡುಗನ ಗಣಕದಲ್ಲಿ ತಟ್ಟೆಯನ್ನು ಹಾಕುವ ಬಾಯಿಯೇ ಇಲ್ಲ! ಹೊರಗಿನಿಂದ ಸಿಕ್ಕಿಸುವ ಸಣ್ಣ ಪೆಟ್ಟಿಗೆಯೊಂದನ್ನು ತಂದು, ದಿನಕ್ಕೆ ಎರಡರಂತೆ, ಅವನು ನನ್ನ ತಟ್ಟೆಗಳನ್ನು ಹಾರ್ಡ್‌ಡಿಸ್ಕೆಂಬುದಕ್ಕೆ ಇಳಿಸಿಕೊಡುತ್ತಿದ್ದಾನೆ. ಇನ್ನೂರ ಹದಿನಾಲ್ಕೂ ಆ ಬೆಂಕಿಪೊಟ್ಟಣದ ಅಣ್ಣನಂತಿರುವ ವಸ್ತುವಿನ ಒಂದು ಮೂಲೆಗೆ ಸಾಲವಂತೆ. ಅದು ಎಷ್ಟು ವರ್ಷ ಬಾಳುವುದೆಂದು ಕೇಳಿದೆನು. "ಇನ್ನೊಂದಕ್ಕೂ ಹಾಕಿಡಿ ಸಾರ್" ಎಂದನು. ಪ್ರತಿಯನ್ನು ಪ್ರತಿಮಾಡುತ್ತಲೇ ಇರಬೇಕೆಂಬುದು ನಮ್ಮ ಮಠಗಳ ಲಿಪಿಕಾರರಿಗೂ ಗೊತ್ತಿದ್ದ ವಿಷಯ.

ಕಳೆದ ಕಾರ್ತಿಕಮಾಸದಲ್ಲಿ ಒಬ್ಬ ತರುಣನು ನನ್ನನ್ನು ಹುಡುಕಿಕೊಂಡು ಬಂದನು. ಅವನ ತಾತನವರು ನಮ್ಮ ತಾಲ್ಲೂಕಿನಲ್ಲಿ ಹೆಸರಾದ ಗಮಕಿಗಳು, ಈಗ ಇಲ್ಲ. 2009ರಲ್ಲಿ ಒಂದು ಮಧ್ಯಾಹ್ನ ಅವರು ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಜನ್ಮವೃತ್ತಾಂತವನ್ನು ತಿಳಿಸುವ ಭಾಗವನ್ನು ವಾಚನಮಾಡಿದುದು ಟೆಲಿವಿಷನ್ನಿನಲ್ಲಿ ಬಂದಿದ್ದಿತು. ಪ್ರಸಾರಮಾಡಿದ ಕಡೆ ವಿಚಾರಿಸಿದರೆ ಅದು ಈಗ ಇಲ್ಲವೆಂದು ಉತ್ತರ ಬಂದಿತಂತೆ. ಮನೆಯಲ್ಲಿ ಒಂದೆರಡು ಭಾವಚಿತ್ರಗಳಲ್ಲದೆ ಬೇರೇನೂ ಇಲ್ಲ. ಈ ಹುಡುಗನಿಗೆ ತಾತನವರು ತೀರಿಕೊಂಡಾಗ ಐದು ವರ್ಷ, ಧ್ವನಿಯು ನೆನಪಿಲ್ಲ. ಈಗ ಅವನು ತಾನೇ ಗಮಕವನ್ನು ಕಲಿಯುತ್ತಿದ್ದಾನೆ. "ನಿಮ್ಮ ತಾತ ಹೀಗೆ ಓದುತ್ತಿರಲಿಲ್ಲಪ್ಪಾ ಅಂತ ಎಲ್ಲರೂ ಹೇಳ್ತಾರೆ, ಮೇಷ್ಟ್ರೇ. ಹೇಗೆ ಓದ್ತಿದ್ರು ಅಂತ ಯಾರೂ ಹೇಳೋದಿಲ್ಲ" ಎಂದನು.

ನನ್ನ ಪಟ್ಟಿಯಲ್ಲಿ ಅದು 97ನೆಯ ತಟ್ಟೆ. ಆ ವಿದ್ವಾಂಸರನ್ನು ನಾನು ಸಭೆಗಳಲ್ಲಿ ಎದುರಿಗೆ ಕುಳಿತು ಹಲವು ಸಲ ಕೇಳಿದ್ದವನಾದುದರಿಂದ ಅದನ್ನು ತೆರೆಯುವ ಪ್ರಮೇಯವೇ ಬಂದಿರಲಿಲ್ಲ. ಡಬ್ಬಿಯಿಂದ ತೆಗೆದಾಗ ಅಂಚಿನಲ್ಲಿ ಹಸುರು ಮಿಶ್ರವಾದ ಬಿಳುಪಿನ ಹೂವುಗಳು. ಒರೆಸಿದೆವು. ಯಂತ್ರಕ್ಕೆ ಹಾಕಿದರೆ ಅದು ಓದಲೊಲ್ಲದು. ಎದುರುಮನೆಯ ಹುಡುಗನ ಸಣ್ಣ ಪೆಟ್ಟಿಗೆಯು ಓದಿತು. ತಡವರಿಸುತ್ತ, ಒಂದೊಂದು ಕಡೆ ನಿಂತು ಹಿಂದಕ್ಕೆ ಹೋಗಿ ಮತ್ತೆ ಪ್ರಯತ್ನಿಸುತ್ತ, ಮೂರು ಗಂಟೆ ಕಾಲ ಓದಿತು. ಐವತ್ತೆಂಟು ನಿಮಿಷಗಳ ಕಾರ್ಯಕ್ರಮದಲ್ಲಿ ನಲವತ್ತೊಂಬತ್ತು ನಿಮಿಷ ದಕ್ಕಿತು. ಬರಹವು ಒಳಗಿನಿಂದ ಹೊರಕ್ಕೆ ಹೋಗುವುದಷ್ಟೆ. ಹೊರಗಿನ ಸುತ್ತುಗಳಲ್ಲಿದ್ದ ಕಡೆಯ ಒಂಬತ್ತು ನಿಮಿಷಗಳನ್ನು ಬೂಷ್ಟು ನುಂಗಿದ್ದಿತು.

ತಾತನವರು ಪರದೆಯ ಮೇಲೆ ಬಂದು ಶಾಲನ್ನು ಸರಿಪಡಿಸಿಕೊಂಡು, ಗಂಟಲನ್ನು ಒಮ್ಮೆ ಸರಿಮಾಡಿಕೊಂಡು ಎತ್ತಿಕೊಂಡಾಗ ಹುಡುಗನು ಕುರ್ಚಿಯನ್ನು ಬಿಟ್ಟು ನೆಲದ ಮೇಲೆ ಕುಳಿತನು. ಷಟ್ಪದಿಯ ಮೂರನೆಯ ಸಾಲಿನಲ್ಲಿ ಉಸಿರನ್ನು ನಿಲ್ಲಿಸದೆ ನಾಲ್ಕನೆಯದಕ್ಕೆ ಜಾರುವ ಅವರ ರೀತಿಯನ್ನು ನಾನು ಮರೆತೇಬಿಟ್ಟಿದ್ದೆನು. ಹುಡುಗನು ಅದನ್ನು ಮೂರು ಸಲ ಹಿಂದಕ್ಕೆ ತಿರುಗಿಸಿ ಕೇಳಿದನು. ಮೂರನೆಯ ಸಲ ತನ್ನಷ್ಟಕ್ಕೆ ಜೊತೆಗೆ ಹೇಳಿಕೊಂಡನು. ನಲವತ್ತೊಂಬತ್ತನೆಯ ನಿಮಿಷದಲ್ಲಿ, ಕರ್ಣನು ಉತ್ತರ ಹೇಳುತ್ತಿರುವಾಗ, ಚಿತ್ರವು ಚೌಕಚೌಕವಾಗಿ ಒಡೆದು ನಿಂತುಹೋಯಿತು.

ಕಾಫಿ ತಂದ ನಮ್ಮ ಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು. "ಇದನ್ನು ನಾನು ನೋಡಿದ್ದೇನೆ" ಎಂದಳು. ತಾನು ಬರೆಯಿಸಿದ ತಟ್ಟೆಯೊಳಗೆ ಇದೂ ಸೇರಿಕೊಂಡಿದ್ದಿತಂತೆ. ಮರುದಿನ ಹನ್ನೊಂದು ಗಂಟೆಗೆ ಪೂರ್ತಿ ನೋಡಿ, ಎಂದಿನಂತೆ ಅಳಿಸಿದಳಂತೆ. "ಅಲ್ಲಿಯವರೆಗೆ ಕಾಂಬೋದಿಯಲ್ಲಿ ಬಂದರಲ್ಲ, ಕರ್ಣ ಒಲ್ಲೆ ಅನ್ನುವಾಗ ನಾದನಾಮಕ್ರಿಯೆ ಹಿಡಿದರು. ಆಮೇಲೆ ವ್ಯಾಖ್ಯಾನದವರು ಮಾತಾಡುವಾಗ ಇವರು ಕನ್ನಡಕ ತೆಗೆದು ಒರೆಸಿಕೊಂಡರು. ಕಣ್ಣನ್ನೂ ಒರೆಸಿಕೊಂಡರು. ಕೊನೆಯ ಪದ್ಯವನ್ನು ರಾಗವೇ ಇಲ್ಲ ಅನ್ನುವ ಹಾಗೆ, ಮಾತಾಡಿದ ಹಾಗೆ, ಓದಿ ಪುಸ್ತಕ ಮುಚ್ಚಿದರು."

ಹುಡುಗನು ಲೋಟವನ್ನು ಕೆಳಗಿಟ್ಟು, "ಅಮ್ಮಾ, ಹೇಗೆ ಅಂತ ಒಂದು ಸಲ ಹೇಳಿ ತೋರಿಸ್ತೀರಾ?" 

ಆಕೆ ಸಂಗೀತವನ್ನು ಕಲಿತವಳಲ್ಲ. ತವರಿನಲ್ಲಿ ಭಾರತವನ್ನು ಓದುತ್ತಿದ್ದುದನ್ನು ಕೇಳಿದವಳು. ಒಮ್ಮೆ ನನ್ನ ಕಡೆ ನೋಡಿ, ಸೆರಗಿನಿಂದ ಕೈಯನ್ನು ಒರೆಸಿಕೊಂಡು, ಮೆಲ್ಲಗೆ ಹೇಳಿದಳು. ಸಾಹಿತ್ಯವು ಎರಡು ಕಡೆ ತಪ್ಪಿತು. ಅದನ್ನು ನಾನು ಗ್ರಂಥ ನೋಡಿ ಹೇಳಿದೆನು. ಧಾಟಿಯನ್ನು ಹೇಳುವವರು ಆಕೆಯಲ್ಲದೆ ಬೇರೆ ಯಾರೂ ಇರಲಿಲ್ಲ. ಹುಡುಗನು ತನ್ನ ಫೋನನ್ನು ಹೊರಕ್ಕೆ ತೆಗೆದು ಆಕೆಯ ಮುಂದೆ ಹಿಡಿದನು. "ಇದರಲ್ಲಿ ಅಳಿಸೋಕೆ ಬರುತ್ತೋ ಇಲ್ಲವೋ?" ಎಂದು ಆಕೆ ಕೇಳಿದಳು. ಬರುತ್ತದೆಂದನು. "ಹಾಗಾದರೆ ಸರಿ" ಎಂದು ಮತ್ತೊಮ್ಮೆ ಮೊದಲಿನಿಂದ ಹೇಳಿದಳು.

97ನೆಯ ತಟ್ಟೆಯನ್ನು ಹುಡುಗನಿಗೇ ಕೊಟ್ಟೆನು. ಪಟ್ಟಿಯಲ್ಲಿ ಅದರ ಎದುರಿಗೆ, ಕಡೆಯ ಒಂಬತ್ತು ನಿಮಿಷಗಳು ಎಲ್ಲಿವೆಯೆಂಬುದನ್ನು ಬರೆದಿಟ್ಟಿದ್ದೇನೆ. ಇನ್ನೂ ಇಳಿಸಬೇಕಾದುವು ನೂರ ಮೂವತ್ತೊಂದಿವೆ. ಮಳೆಗಾಲಕ್ಕೆ ಮುಂಚೆ ಮುಗಿಯಬೇಕು.